ಕೊರಳಾಗಿನ ಚಾರ್‌ಮಿನಾರ್

"ಆ ಖಾಕಿ ಹಾಕ್ಕೊಂಡು ನನ್ನ ಅಂಗಳಕ್ಕ ಕಾಲಿಡಬ್ಯಾಡ!"

ಮೈಲಮ್ಮ ಚೀರಿದ್ದಕ್ಕೆ ಮಕ್ತಲ್‌ನ ಕುರುಬರ ಓಣಿಯೆಲ್ಲ ಬಾಗಿಲಿಗೆ ಬಂತು.

ಐದು ವರ್ಷ! ಹೊಳೆ ದಾಟಿ ಆದೋನಿಗೆ ಹೋಗಿ ಇಂಗ್ಲಿಷರ ಮಿಲಿಟರಿ ಸೇರಿದ್ದ ಸೋದರತ್ತೆ ಮಗ ಬೀರಯ್ಯ ಇವತ್ತು ಬಂದು ನಿಂತಿದ್ದ. ಅವಳು ಕಾದಿದ್ದು ಅವನಿಗಾಗಿಯೇ. ಆದರೆ ಹೋದ ಬೇಸಿಗೆಯಲ್ಲಿ ಅಣ್ಣ ಬಾಲಯ್ಯನನ್ನು ಕೊಂದ ನಿಜಾಮನ ಕಡೆಯ ರಜಾಕಾರರೂ ಇದೇ ಖಾಕಿಯಲ್ಲಿ ಬಂದಿದ್ದರಲ್ಲ...

"ಮೈಲಿ, ನಾ ಬರ್ಮಾದಾಗ ಲಡಾಯಿ ಮಾಡೀನಿ..."

"ಸುಳ್ಳು!" ನಡುವೆ ನುಗ್ಗಿದ ಕಿಷ್ಟಪ್ಪ ಅವನೆದೆಯ ಪದಕದ ಬಿಲ್ಲೆ ಕಿತ್ತು ಮೇಲೆತ್ತಿದ. "ನೋಡ್ರಿ, ನಿಜಾಮನ ತಲಿ! ನಿಜಾಮ ಕೊಟ್ಟ ಇನಾಮು! ಇವ ರಜಾಕಾರ! ನಾರಾಯಣಪೇಟಿ ಮಿಲಿಟರಿ ಕ್ಯಾಂಪಿಗೆ ಒಪ್ಪಿಸೋಣ ನಡೀರಿ!"

ಯಾರು ಈ ಕಿಷ್ಟಪ್ಪ? ಹೋದ ತಿಂಗಳ ತನಕ ರಜಾಕಾರರಿಗೆ ಮನೆಮನೆ ತೋರಿಸಿ, ಕುರಿ ಕೊಯ್ದು ಉಣಿಸಿದವನು. ಪೊಲೀಸ್ ಆ್ಯಕ್ಷನ್ ಆಗಿ ಭಾರತದ ಸೈನ್ಯ ಬಂದ ಮಾರನೇ ದಿನವೇ ಕಾಂಗ್ರೆಸ್ಸಿನ ಬಿಳಿ ಟೋಪಿ ಇಟ್ಟುಕೊಂಡವನು! ಥೂ... ಅಂಥವನ ಮಾತಿಗೆ ಓಣಿಯೆಲ್ಲ ತಲೆಯಾಡಿಸುತ್ತಿತ್ತು!

"ಯಾಕ ಕೊಟ್ರು ಇದನ್ನ? ಹೇಳು!" ಮೈಲಮ್ಮ ಬೀರಯ್ಯನತ್ತ ತಿರುಗಿದಳು.

"ಬರ್ಮಾ ಲಡಾಯ್ಯಾಗ ನನ್ನ ಜೋಡಿ ಇದ್ದ ಗದ್ವಾಲದ ಜಂಬಪ್ಪ ಗುಂಡು ತಿಂದು ಬಿದ್ದಿದ್ದ. ಕುಂಟ ಕುರಿ ಹೊತ್ತಂಗ ಹೊತ್ಕೊಂಡು ಹೊಳಿ ದಾಟಿದೆ. ಗುಂಡು ಬರ್ತಾನೇ ಇದ್ದವು... ಅಷ್ಟ."

ಅವಳು ಬಿಲ್ಲೆ ಕಸಿದುಕೊಂಡು ನೋಡಿದಳು. ಕಿರೀಟ ಇಟ್ಟ ತಲೆ...

ಕೈ ತಾನಾಗಿಯೇ ಕೊರಳಿಗೆ ಹೋಯಿತು. ಅಲ್ಲಿತ್ತು, ಅಜ್ಜಿ ಕೊಟ್ಟ ನಿಜಾಮನ ಬೆಳ್ಳಿ ರೂಪಾಯಿ ಸರ!

"ಕಿಷ್ಟಪ್ಪ ಕಾಕಾ, ಈ ರೂಪಾಯಿ ಮ್ಯಾಲ ಏನೈತಿ?"

"ಚಾರ್‌ಮಿನಾರ್..."

"ನಿಜಾಮನ ರೊಕ್ಕ ತಿಂದು ಬೆಳ್ದೀ, ಯಾವುದ್ರಾಗರ ಅವನ ತಲಿ ಕಂಡೀಯೇನು? ಇದು ಆದೋನಿ ಕಡಿ ನಡಿಯೋ ರೂಪಾಯಿ ಮ್ಯಾಲಿನ ಬಿಳಿ ರಾಜ! ನಡಿ ಕ್ಯಾಂಪಿಗೆ, ನಾನೂ ಬರ್ತೀನಿ. ನಮ್ಮಣ್ಣನ ಮನಿ ತೋರಿಸಿದವ ಯಾರಂತ ಅಲ್ಲೇ ಹೇಳ್ತೀನಿ!"

ಕಿಷ್ಟಪ್ಪ ಓಡಿದ. ಬಿದ್ದ ಟೋಪಿಯನ್ನೂ ಎತ್ತಿಕೊಳ್ಳಲಿಲ್ಲ.

ಓಣಿ ಬರಿದಾಯಿತು. ಅವಳ ಸಿಟ್ಟು ಈಗ ತನ್ನ ಮೇಲೆಯೇ. 'ಕಾದವಳೇ ನಂಬಲಿಲ್ಲವಲ್ಲ!'

"ತಪ್ಪಾತು ಬಾವಾ..."

"ಬರ್ಮಾದಾಗ ಅತ್ತಿದ್ದಿಲ್ಲ ಮೈಲಿ. ಇವತ್ತ ನೀ ಅಳಿಸಿದಿ." ಕಣ್ಣೊರೆಸಿಕೊಂಡು ನಕ್ಕ. "ಹೋಗ್ಲಿ, ಆ ಬಿಲ್ಲಿ ನೀನ ಇಟ್ಕೋ. ನಿನ್ನ ಸರಕ್ಕ ಪೋಣಿಸ್ಕೋ."

"ಯಾವನೋ ರಾಜನ ತಲಿ ನನ್ನ ಕೊರಳಿಗ್ಯಾಕ?"

"ಮತ್ತೇನು ಬೇಕು?"

"ಅಯ್ಯ! ಲಡಾಯಿ ಗೆದ್ದು ಬಂದವಗ ಇಷ್ಟೂ ತಿಳಿಯಂಗಿಲ್ಲೇನು?" ಅವನೆದೆಗೆ ಬಿಲ್ಲೆ ಮತ್ತೆ ಚುಚ್ಚುತ್ತ ಅವಳು ಪಿಸುಗುಟ್ಟಿದಳು.

"ತಲಿ ಬ್ಯಾಡ ಬಾವಾ... ತಾಳಿ ಕಟ್ಟು!"