ಗಂಟಿಲ್ಲದ ಹೊಲಿಗೆ

ಇದನ್ನು ಹೇಳುವ ಯೋಗ್ಯತೆ ನನಗಿದೆಯೇ ಎಂಬ ಅನುಮಾನ ಇನ್ನೂ ಹೋಗಿಲ್ಲ. ಸಂಜೆ ಕಾಲೇಜಿನಲ್ಲಿ ಓದಿ ವಿಶ್ವವಿದ್ಯಾಲಯದ ಗುಮಾಸ್ತನಾದವನು ನಾನು. ಎರಡು ಸಾಲಿನ ಪತ್ರವನ್ನೂ ಮೂರು ಸಲ ತಿದ್ದುತ್ತೇನೆ. ಆದರೂ ರಟ್ಟಕ್ಕನ ಜಾಣತನವನ್ನು ಮೊದಲಿಂದ ಕೊನೆಯವರೆಗೆ ಪಕ್ಕದಲ್ಲಿ ನಿಂತು ನೋಡಿದವನು ನಾನೊಬ್ಬನೇ. ತಪ್ಪು ಕಂಡರೆ ಓದುವವರು ಕ್ಷಮಿಸಬೇಕು.

ರಟ್ಟಕ್ಕ ನಮ್ಮ ಗ್ರಂಥಾಲಯದಲ್ಲಿ ಪುಸ್ತಕ ಕಟ್ಟುವವರು. ರಟ್ಟು, ಅಂಟು, ದಾರದ ನಡುವೆ ಮೂವತ್ತು ವರ್ಷ ಕಳೆದಿದ್ದರು. ಏನಾದರೂ ಕಳೆದುಹೋದರೆ, ಯಾರಾದರೂ ಸುಳ್ಳು ಹೇಳಿದರೆ, ಎಲ್ಲರೂ ಕೊನೆಗೆ ಅವರ ನೆಲಮಾಳಿಗೆಯ ಕೋಣೆಗೇ ಇಳಿಯುತ್ತಿದ್ದರು.

ಆ ವರ್ಷ, ಯಾವ ಯಾವ ಕೋರ್ಸುಗಳನ್ನು ಸುಸ್ಥಿರತೆಯ ಶಿಕ್ಷಣವೆಂದು ಎಣಿಸಬೇಕು ಎಂದು ತೀರ್ಮಾನಿಸಲು ಒಂದು ಸಮಿತಿ ಮಾಡಿದ್ದರು. ಭೂಮಿಯನ್ನು ಮುಂದಿನವರಿಗೂ ಉಳಿಸುವ ಪಾಠ ಎಂದು ನಾನು ಅರ್ಥಮಾಡಿಕೊಂಡಿದ್ದೆ. ಹದಿನೈದು ವಾರಗಳಲ್ಲಿ ಐದಾದರೂ ಆ ವಿಷಯಕ್ಕೆ ಮೀಸಲಿರಬೇಕು ಎಂಬುದು ನಿಯಮ. ಪಟ್ಟಿಗೆ ಸೇರಿದ ಕೋರ್ಸನ್ನು, ಕಲಿಸುವವರು ನಿವೃತ್ತರಾದರೂ, ತೆಗೆದುಹಾಕುವಂತಿಲ್ಲ. ಆದರೆ ಸೇರಿದ ತಿಂಗಳೊಳಗೆ ಸಮಿತಿಯವರು ತರಗತಿಗೆ ಬಂದು ಪಾಠ ನೋಡುತ್ತಾರೆ. ಎಲ್ಲ ಪಾಠದ ಹಾಳೆಗಳನ್ನೂ ರಟ್ಟಕ್ಕ ಒಂದೇ ಕಟ್ಟಾಗಿ ಹೊಲಿದು ಕೊಟ್ಟಿದ್ದರು. ಆ ಕಟ್ಟು ನನ್ನ ವಶದಲ್ಲಿತ್ತು.

ಪಟ್ಟಿ ಸಹಿಗೆ ಹೋಗಬೇಕಿದ್ದ ದಿನ ಬೆಳಿಗ್ಗೆ ಬಟ್ಟೆ ದುರಸ್ತಿ ಕಲಿಸುವ ಮೇಷ್ಟ್ರು ತಂಗಿಯ ಜೊತೆ ನನ್ನಲ್ಲಿಗೆ ಬಂದರು. ತಂಗಿಯೇ ಅವರ ತರಗತಿಯ ಸಹಾಯಕಿ. ಮೇಷ್ಟ್ರಿಗೆ ಮುಂದಿನ ವರ್ಷ ನಿವೃತ್ತಿ. ಅವರ ಕೋರ್ಸು ಪಟ್ಟಿಯಲ್ಲಿರಲಿಲ್ಲ.

"ಇಪ್ಪತ್ತೆರಡು ವರ್ಷ ಕಲಿಸಿದ್ದು ಲೆಕ್ಕಕ್ಕೇ ಇಲ್ವಾ ಅಂತ ಒಂದು ಮಾತು ಕೇಳಿ ಹೋಗೋಣ ಅಂತ ಬಂದೆ," ಎಂದರು. ಅದು ಜಗಳಕ್ಕೆ ಬಂದವರ ದನಿಯಲ್ಲ.

ನಾನು ಕಟ್ಟನ್ನು ಮುಂದಿಟ್ಟೆ. ತಂಗಿ ಪುಟ ತಿರುವಿದರು. ಮೇಷ್ಟ್ರು ಕೋಟಿನ ಜೇಬಿನಲ್ಲಿ ಕೈ ಇಟ್ಟುಕೊಂಡೇ ಬಾಗಿ ಓದಿದರು. ಓದಿ, ಇದು ತಮ್ಮ ಹಾಳೆಯಲ್ಲ ಎಂದರು. ಮೊದಲ ವಾರ ಅವರದೇ: ಗಂಟು ಹಾಕದೆ ಹೊಲಿಯುವುದು, ಗಂಟು ಮೈಗೆ ಒತ್ತುತ್ತದೆ ಎಂದಿತ್ತು. ಆದರೆ ಹಳೆಯ ಬಟ್ಟೆ ಉಳಿಸುವ ಆರು ವಾರಗಳಲ್ಲಿ ಎರಡು ಮಾಯವಾಗಿ, ಅಲ್ಲಿ ನೆರಿಗೆ ಮತ್ತು ಕಾಲರಿನ ಪಾಠ ಬಂದಿದ್ದವು. ಉಳಿದದ್ದು ನಾಲ್ಕು. ಅಣ್ಣ ಹೇಳಿದ ದೂರನ್ನು ತಂಗಿ ಬರೆದುಕೊಟ್ಟರು. ನಾನು ತರಿಸಿದ ಚಹಾ ಮೇಷ್ಟ್ರ ಮುಂದೆ ಹಾಗೆಯೇ ಕೆನೆಗಟ್ಟಿತು.

ನಾನು ದಾಖಲೆಯ ಪುಸ್ತಕ ತೆಗೆದು ನೋಡಿದೆ. ಕಟ್ಟನ್ನು ಒಯ್ದವರು ಮೂವರೇ: ಸಮಿತಿಯ ಅಧ್ಯಕ್ಷೆ, 'ಹಸಿರು ಜಾಹೀರಾತು' ಕಲಿಸುವ ಪ್ರೊಫೆಸರು, ಕೊಠಡಿಯ ಸಂಖ್ಯೆ ತಿದ್ದಬೇಕೆಂದು ಬಂದಿದ್ದ ಮೇಷ್ಟ್ರ ತಂಗಿ. ಪ್ರೊಫೆಸರ ಮೇಲೆಯೇ ನನ್ನ ಕಣ್ಣು. "ಹರಿದ ಅಂಗಿ ಹೊಲಿಯೋದೂ ಪರಿಸರದ ಪಾಠ ಆದ್ರೆ ನಮ್ಮಮ್ಮನಿಗೆ ಯಾವತ್ತೋ ಡಾಕ್ಟರೇಟ್ ಕೊಡಬೇಕಿತ್ತು," ಎಂದು ಸಭೆಯಲ್ಲಿ ಎಲ್ಲರನ್ನೂ ನಗಿಸಿದ್ದವರು ಅವರು.

ಕಟ್ಟನ್ನು ಹಿಡಿದು ನೆಲಮಾಳಿಗೆಗೆ ಇಳಿದೆ. ರಟ್ಟಕ್ಕ ಅದನ್ನು ಕಿಟಕಿಯ ಬೆಳಕಿಗೆ ಹಿಡಿದು, ಬೆನ್ನಿನ ಮೇಲೆ ಬೆರಳಾಡಿಸಿದರು. ತೂತು ತಾವು ಹಾಕಿದ್ದೇ, ದಾರವೂ ತಮ್ಮದೇ, ಆದರೆ ತಾವು ಬಿಗಿದಿದ್ದ ಗಂಟು ಮಾತ್ರ ಇಲ್ಲ ಎಂದರು. ಯಾರೋ ಕಟ್ಟನ್ನು ಬಿಚ್ಚಿ ಮತ್ತೆ ಹೊಲಿದು, ದಾರದ ತುದಿಯನ್ನು ಹೊಲಿಗೆಯ ಅಡಿಗೇ ಹಿಂದಕ್ಕೆ ನೇಯ್ದು ಅಡಗಿಸಿದ್ದರು. ಬೆಳಿಗ್ಗೆ ನಡೆದದ್ದನ್ನು ರಟ್ಟಕ್ಕ ನನ್ನಿಂದ ಒಂದೂ ಬಿಡದೆ ಹೇಳಿಸಿದರು. ಆಮೇಲೆ ಕೇಳಿದರು:

"ಮೇಷ್ಟ್ರು ಆ ಚಹಾ ಕುಡಿದ್ರಾ?"

ಇಲ್ಲ ಎಂದೆ. ರಟ್ಟಕ್ಕ ಕಟ್ಟನ್ನು ಮುಚ್ಚಿ ಪಕ್ಕಕ್ಕಿಟ್ಟರು. "ಇದನ್ನ ಇಲ್ಲಿಗೇ ಬಿಟ್ಟುಬಿಡೋಣ ಅನ್ಸುತ್ತೆ ತಮ್ಮಾ," ಎಂದರು. ಆದರೆ ದೂರು ಆಗಲೇ ದಾಖಲಾಗಿತ್ತು, ತಪ್ಪು ನನ್ನ ತಲೆಗೆ ಬರುವಂತಿತ್ತು. ನಾನು ಹೆದರಿದ್ದನ್ನು ಅವರು ನೋಡಿದರು.

ಮಧ್ಯಾಹ್ನ ಮೂರಕ್ಕೆ ನೆಲಮಾಳಿಗೆಯಲ್ಲಿ ಎಲ್ಲರೂ ಸೇರಿದೆವು. ಪ್ರೊಫೆಸರು ಮೊದಲೇ ಸಿಟ್ಟಾಗಿದ್ದರು. ರಟ್ಟಕ್ಕ ಅವರನ್ನೇ ಮೊದಲು ಅನುಮಾನದಿಂದ ಬಿಡುಗಡೆ ಮಾಡಿದರು. ಕೋರ್ಸು ಬೇಡದವರಾಗಿದ್ದರೆ ಹಾಳೆಯನ್ನು ಕಿತ್ತೆಸೆಯುತ್ತಿದ್ದರು. ಇಲ್ಲಿ ಸೇರಿಸಿದ ಎರಡು ವಾರಗಳೂ ಕ್ರಮ ತಪ್ಪದ ಒಳ್ಳೆಯ ಪಾಠಗಳು. ಅಧ್ಯಕ್ಷೆಗೆ ಅಷ್ಟು ಕಷ್ಟವೇ ಬೇಕಿರಲಿಲ್ಲ, ಬೇಡವೆಂದು ಬರೆದರೆ ಸಾಕಿತ್ತು. ಗಂಟು ಹಾಕದೆ ದಾರ ಮುಗಿಸುವ ಕೈಗಳು ನಮ್ಮಲ್ಲಿರುವುದು ಎರಡೇ ಜೋಡಿ. ಅವುಗಳಲ್ಲಿ ಒಂದು ಜೋಡಿ ಬೆಳಿಗ್ಗೆ ಜೇಬಿನಿಂದ ಹೊರಗೇ ಬಂದಿರಲಿಲ್ಲ. ಪುಟ ತಿರುವಲಿಲ್ಲ, ದೂರು ಬರೆಯಲಿಲ್ಲ, ಲೋಟ ಎತ್ತಲಿಲ್ಲ. ಸೂಜಿ ಹಿಡಿಯಲಾಗದ ಕೈ ಅದು. ಹಾಗಾದರೆ ತರಗತಿಯಲ್ಲಿ ಇಷ್ಟು ದಿನ ಹೊಲಿದು ತೋರಿಸುತ್ತಿದ್ದವರು ಯಾರು? ಸಮಿತಿ ಬಂದು ಕೂತರೆ ಬಯಲಾಗುವುದು ಯಾರ ಗುಟ್ಟು?

ತಂಗಿ ಚೀಲದಿಂದ ಮಡಿಸಿದ ಹಾಳೆಯೊಂದನ್ನು ತೆಗೆದು ಮೇಜಿನ ಮೇಲಿಟ್ಟರು. ಅಣ್ಣ ಹೇಳಿ ಬರೆಸಿದ್ದ ಮೂಲ ಹಾಳೆಯನ್ನು ಹರಿಯಲು ಅವರಿಗೆ ಮನಸ್ಸು ಬಂದಿರಲಿಲ್ಲ.

"ಅವರೆಲ್ಲ ಬಂದು ಎದುರಿಗೆ ಕೂತು ನಿನ್ನ ಕೈ ನೋಡೋದು ನನಗೆ ಬೇಡವಾಗಿತ್ತು ಅಣ್ಣ. ಇನ್ನೊಂದು ವರ್ಷ ತಾನೇ. ಹನ್ನೆರಡು ಮಕ್ಕಳು, ನೀನು ಹೇಳೋದು, ನಾನು ಹೊಲಿಯೋದು."

ಮೇಷ್ಟ್ರು ಎರಡೂ ಕೈ ಹೊರಗೆ ತೆಗೆದು ಮೇಜಿನ ಮೇಲಿಟ್ಟರು. ರಟ್ಟಿನ ಚೂರುಗಳು ಅಲುಗಾಡತೊಡಗಿದವು. ಪ್ರೊಫೆಸರು ಮುಖ ಅತ್ತ ತಿರುಗಿಸಿದರು.

"ಪಟ್ಟೀಲಿಲ್ಲ ಅಂತ ಗೊತ್ತಾದಾಗ, ನಾನು ಕಲಿಸಿದ್ದೇ ಸುಳ್ಳೇನೋ ಅಂತ ಮೂರು ದಿನ ನಿದ್ದೆ ಮಾಡಿಲ್ಲ ಕಣೇ," ಎಂದರು ಮೇಷ್ಟ್ರು. ಆಮೇಲೆ ಅಧ್ಯಕ್ಷೆಯ ಕಡೆ ತಿರುಗಿದರು. "ಕೈ ಅವಳದು ಮೇಡಂ. ಕೋರ್ಸೂ ಅವಳ ಹೆಸರಲ್ಲೇ ಆಗಲಿ."

ಅಧ್ಯಕ್ಷೆ ನಿಜವಾದ ಹಾಳೆಯನ್ನು ಅಲ್ಲಿಯೇ ಓದಿದರು. ಆರು ವಾರ. ಪಟ್ಟಿಗೆ ಸೇರಿಸಲು ಯಾರ ಆಕ್ಷೇಪವೂ ಬರಲಿಲ್ಲ; ಪ್ರೊಫೆಸರೇ ಮೊದಲು ಕೈ ಎತ್ತಿದರು. ಆದರೆ ಪದವಿ ಇಲ್ಲದವರು ಕಲಿಸುವಂತಿಲ್ಲ. ತಂಗಿಗೆ ಪದವಿ ಇರಲಿಲ್ಲ. ಮೇಷ್ಟ್ರು ಅದೇ ವಾರ ರಜೆಯ ಅರ್ಜಿ ಕೊಟ್ಟರು, ಮತ್ತೆ ಬರಲಿಲ್ಲ. ಕೋರ್ಸಿನ ಹೆಸರು ಪಟ್ಟಿಯಲ್ಲಿ ಪ್ರತಿವರ್ಷ ಅಚ್ಚಾಗುತ್ತದೆ. ಕಲಿಸುವವರ ಹೆಸರಿರಬೇಕಾದ ಜಾಗದಲ್ಲಿ 'ಖಾಲಿ' ಎಂದು ನಾನೇ ಬೆರಳಚ್ಚು ಮಾಡುತ್ತೇನೆ.

ಸಂಜೆ ಓದಿ ಸಂಪಾದಿಸಿದ ನನ್ನ ಪದವಿಯ ಬಲದಿಂದ ನಾನಾದರೂ ಆ ತರಗತಿಗೆ ನಿಲ್ಲಬಹುದಿತ್ತು. ನನಗೆ ಸೂಜಿಗೆ ದಾರ ಪೋಣಿಸಲೂ ಬಾರದು. ಅಣ್ಣ ತಂಗಿಯರು ಅಂದು ಮನೆಗೆ ಹೋಗಿ ಏನು ಮಾತಾಡಿಕೊಂಡರೋ ತಿಳಿಯದು. ನಾನು ಹೆದರದೆ ಇದ್ದಿದ್ದರೆ ರಟ್ಟಕ್ಕ ಸುಮ್ಮನಾಗುತ್ತಿದ್ದರೇ ಎಂದು ಕೇಳುವ ಧೈರ್ಯ ನನಗಿನ್ನೂ ಬಂದಿಲ್ಲ. ಅವರೂ ಹೇಳಿಲ್ಲ.