ಮಾಂಟ್ರಿಯಲ್‌ನ ಮಾಯೆಲ್

ಮಾಯೆಲ್‌ಳ ಕೊನೆಯ ಸಂದೇಶ ಇಷ್ಟೇ: ‘ಹಳೇ ಗೆಳೆಯ ಬಂದು ಬಾಗಿಲು ಒಡೀತಿದ್ದಾನೆ.’ ಮರುಕ್ಷಣವೇ ಅವಳ ಖಾತೆ ಅಳಿಸಿಹೋಗಿತ್ತು.

ಆ ಸಂದೇಶವನ್ನು ಹಿಡಿದು ವಾನ್ ಪಟ್ಟಣದ ಪೊಲೀಸ್ ಠಾಣೆಗೆ ಬಂದವನು ತಿತುವಾನ್. ಬೇಕರಿಯಲ್ಲಿ ರಾತ್ರಿಯಿಡೀ ಬ್ರೆಡ್ ಬೇಯಿಸುವ ತರುಣ. ಮಾಯೆಲ್‌ಳೊಡನೆ ಫೋನಿನಲ್ಲೇ ಎಂಟು ತಿಂಗಳ ಪ್ರೇಮ. ಮುಖಾಮುಖಿ ಒಮ್ಮೆಯೂ ಇಲ್ಲ. ಅವಳಿದ್ದುದು ಸಾಗರದಾಚೆಯ ಮಾಂಟ್ರಿಯಲ್‌ನಲ್ಲಿ. ಶನಿವಾರದ ವಿಮಾನಕ್ಕೆ ಅವನು ಟಿಕೆಟ್ ತೆಗೆಸಿದ್ದ.

“ಬದುಕಿದ್ದಾಳಾ, ಇಲ್ವಾ? ಅಷ್ಟು ಹೇಳಿ ಸಾಕು, ಮೇಡಂ,” ಎಂದು ಅವನು ಕ್ಯಾಪ್ಟನ್‌ಳನ್ನು ಬೇಡಿದ.

ಅವನು ಹೋದೊಡನೆ ಸಹಾಯಕ ಯಾನಿಕ್ ನಕ್ಕ. “ಹುಡುಗಿ ಕೈಕೊಟ್ರೂ ಪೊಲೀಸ್ ಬೇಕಾ, ಕ್ಯಾಪ್ಟನ್?”

“ನಿನ್ನ ಹೆಂಡತಿ ಬಿಟ್ಟುಹೋದಾಗ ಒಂದು ವಾರ ಠಾಣೆಯಲ್ಲೇ ಮಲಗಿದ್ಯಲ್ಲ, ಆಗ ನಾವು ನಕ್ವಾ? ಆ ಮಾಯೆಲ್ ಕಳಿಸಿದ್ದ ಫೋಟೋ ಯಾರದು ನೋಡು,” ಎಂದಳು ಕ್ಯಾಪ್ಟನ್ ಸೊಲೆನ್.

* * *

ಫೋಟೋದ ಹುಡುಗಿ ಎರಡೇ ದಿನದಲ್ಲಿ ಸಿಕ್ಕಳು. ಅದೇ ದೇಶದ ಆನ್ಸಿ ಎಂಬ ಊರಲ್ಲಿ ಈಜು ಕಲಿಸುವ ಕ್ಲೆಮಾನ್ಸ್. ಆರೋಗ್ಯವಂತೆ, ಸಿಡಿಮಿಡಿಯವಳು.

“ಯಾವ ತಿತುವಾನ್? ಮೊದಲು ನನ್ನ ಮುಖ ಕದ್ದವರನ್ನ ಹಿಡೀರಿ!”

ಫೋಟೋ ಕದ್ದವನು ಕ್ಲೆಮಾನ್ಸ್‌ಳ ಹಳೆಯ ಗೆಳೆಯನೇ ಇರಬೇಕೆಂದು ಯಾನಿಕ್ ಸಂಶಯಪಟ್ಟ. ಆದರೆ ಅವನು ಒಂದು ವರ್ಷದಿಂದ ಫೋನ್ ಸಂಪರ್ಕವಿಲ್ಲದ ಹಡಗಿನಲ್ಲಿದ್ದ. ಮೇಲಾಗಿ, ಮಾಯೆಲ್ ಕಳುಹಿಸಿದ್ದ ಒಂದೇ ಒಂದು ಧ್ವನಿಸಂದೇಶದಲ್ಲಿ ಇದ್ದದ್ದು ಹೆಣ್ಣಿನ ದನಿ. ಗಂಟಲು ಕಟ್ಟಿದೆಯೆಂಬ ನೆಪದ ಪಿಸುದನಿ.

ಸೊಲೆನ್ ಅದನ್ನು ಏಳು ಸಲ ಕೇಳಿದಳು.

“ಹಿಂದೆ ಸೈರನ್ ಕೂಗ್ತಿದೆ.”

“ಅಲ್ಲಿನ ಆಂಬುಲೆನ್ಸ್ ಇರ್ಬೇಕು.”

“ಸಂದೇಶ ಬಂದದ್ದು ಯಾವಾಗ?”

“ಮಾರ್ಚ್ ಮೊದಲ ಬುಧವಾರ, ಮಧ್ಯಾಹ್ನ ಹನ್ನೆರಡು...” ಯಾನಿಕ್ ಗೋಡೆಯ ಕ್ಯಾಲೆಂಡರ್‌ನತ್ತ ತಿರುಗಿದ.

ಪ್ರತಿ ತಿಂಗಳ ಮೊದಲ ಬುಧವಾರ ನಡುಹಗಲಿಗೆ ನಮ್ಮ ಈ ದೇಶದ ಊರೂರುಗಳ ಎಚ್ಚರಿಕೆಯ ಸೈರನ್‌ಗಳನ್ನು ಕೂಗಿಸಿ ಪರೀಕ್ಷಿಸುತ್ತಾರೆ. ಬಾಲ್ಯದಿಂದ ಕೇಳಿ ಕೇಳಿ ಅದು ನಮ್ಮ ಕಿವಿಗೆ ಬೀಳುವುದನ್ನೇ ಬಿಟ್ಟಿದೆ.

ಸಂದೇಶದಲ್ಲಿ ಸೈರನ್ ನಿಂತ ಮೇಲೆ ಇನ್ನೊಂದು ಸದ್ದಿತ್ತು: ಗರಗರ, ಕೊನೆಗೊಂದು ಕೀರಲು.

* * *

ಮರುದಿನ ಹನ್ನೊಂದಕ್ಕೆ ಸೊಲೆನ್ ತಿತುವಾನ್‌ನೊಡನೆ ಅವನ ಬೇಕರಿಗೇ ಹೋದಳು.

“ಈ ಹೊತ್ತಲ್ಲಿ ಮಲಗೋದು ಬಿಟ್ಟು ಇಲ್ಲೇನೋ? ಕನ್ನಡಿ ನೋಡ್ಕೊಂಡ್ಯಾ, ಹಿಟ್ಟಿನ ಚೀಲಕ್ಕೂ ನಿನಗಿಂತ ಕಳೆ ಇದೆ,” ಎಂದಳು ಮಾರಾಟದ ಒಡೀಲ್. ಐವತ್ತೆರಡರ ಹೆಂಗಸು.

“ಒಂದು ಬ್ರೆಡ್. ಹೋಳು ಮಾಡಿ ಕೊಡಿ,” ಎಂದಳು ಸೊಲೆನ್.

ಹೋಳು ಮಾಡುವ ಯಂತ್ರ ಗರಗರ ತಿರುಗಿತು, ಕೊನೆಗೆ ಕೀರಲು ಸದ್ದು ಮಾಡಿತು. ಅಂಗಡಿ ತೆರೆಯುವ ಮೊದಲೇ ಕೆಲಸ ಮುಗಿಸಿ ಹೋಗುವ ತಿತುವಾನ್ ಆ ಸದ್ದನ್ನು ಅಲ್ಲಿ ಎಂದೂ ಕೇಳಿರಲಿಲ್ಲ. ಸೊಲೆನ್ ಫೋನಿನಲ್ಲಿ ಧ್ವನಿಸಂದೇಶ ಹಾಕಿದಳು. ಅದೇ ಗರಗರ, ಅದೇ ಕೀರಲು.

“ಮಾಂಟ್ರಿಯಲ್‌ನಲ್ಲಿ ಮೊದಲ ಬುಧವಾರದ ಸೈರನ್ ಇಲ್ಲ, ಒಡೀಲ್. ಮಾತಾಡ್ತಾ ಇದ್ದಾಗ ಗಿರಾಕಿ ಬಂದ್ರು, ನೀವು ಬ್ರೆಡ್ ಹೋಳು ಮಾಡಿದ್ರಿ. ಫೋನಿನ ರೆಕಾರ್ಡಿಂಗ್ ನಿಲ್ಲಿಸೋದು ಮರೆತ್ರಿ. ಇನ್ನು ಟಿಕೆಟ್ ವಿಷಯ, ಅದನ್ನ ಇವನು ಹೇಳಿದ್ದು ಇಬ್ಬರಿಗೇ. ಮಾಯೆಲ್‌ಗೆ, ನಿಮಗೆ.”

ಒಡೀಲ್ ಬಹಳ ಹೊತ್ತು ಹೋಳುಗಳನ್ನು ಚೀಲಕ್ಕೆ ತುಂಬಿದಳು.

“ಹೊರಟೇ ಬಿಟ್ಟಿದ್ದ, ಮೇಡಂ. ಅಲ್ಲಿ ಹೋಗಿ ಯಾರ ಬಾಗಿಲು ತಟ್ತಾನೆ? ನಿಲ್ಲಿಸೋಕೆ ಬೇರೆ ದಾರಿ ಕಾಣ್ಲಿಲ್ಲ. ಅವಳನ್ನ ಕೊಂದೆ.” ತಲೆಯೆತ್ತಲಿಲ್ಲ. “ಬರೆದ ಮಾತೆಲ್ಲ ನನ್ನದೇ. ಈ ಮುಖ ಇಟ್ಕೊಂಡು ಬರೆದಿದ್ರೆ ಓದ್ತಿದ್ನಾ?”

“ಇನ್ನೊಬ್ಬರ ಮುಖ ಕದಿಯೋದು ಅಪರಾಧ. ಠಾಣೆಗೆ ಬನ್ನಿ.”

ತಿತುವಾನ್ ಒಬ್ಬರ ನಂತರ ಒಬ್ಬರನ್ನು ನೋಡಿದ. “ಹಾಗಾದ್ರೆ ಯಾರೂ ಸತ್ತಿಲ್ಲ?”

“ಇಲ್ಲಪ್ಪ. ಯಾರೂ ಇಲ್ಲ.”

ಅವನು ಕುರ್ಚಿಯಲ್ಲಿ ಕುಸಿದು, ಮನೆಯಲ್ಲಿ ಸಾವಾದವನಂತೆ ಅಳತೊಡಗಿದ.