ಮೂರು ಸಲ ವಾಪಸ್ ಬಂದ ಗಿಟಾರ್

"ಏಯ್! ಮುಟ್ಬೇಡಿ!"

ಭೂಮಿಕಾ ಕೂಗುವುದಕ್ಕೂ ಅವನು ಮುಟ್ಟುವುದಕ್ಕೂ ಸರಿಹೋಯಿತು.

ಕಡೂರಿನ ಬಿ.ಎಚ್. ರಸ್ತೆಯ 'ಗಿಡ್ಡಪ್ಪ ಪೇಂಟಿಂಗ್ ವರ್ಕ್ಸ್'ನಲ್ಲಿ ಆಗಷ್ಟೇ ಕಪ್ಪು ಹೊಡೆದು ಒಣಗಲು ಇಟ್ಟಿದ್ದ ಬುಲೆಟ್ ಟ್ಯಾಂಕಿನ ಮೇಲೆ ಅಪರಿಚಿತನೊಬ್ಬನ ತೋರುಬೆರಳು ಅಚ್ಚೊತ್ತಿತ್ತು. ರೇಷನ್ ಅಂಗಡಿಯ ಯಂತ್ರಕ್ಕೆ ಇಷ್ಟು ಸ್ಪಷ್ಟವಾಗಿ ಬೆರಳು ಕೊಟ್ಟವರು ಇಡೀ ತಾಲ್ಲೂಕಿನಲ್ಲಿ ಇರಲಾರರು.

"ಒಣಗೈತೋ ಇಲ್ವೋ ಅಂತ ನೋಡ್ದೆ..."

"ಈಗ ಗೊತ್ತಾಯ್ತಾ?"

"ಹೂಂ... ಒಣಗಿಲ್ಲ."

ಬೈಯಲು ಇನ್ನೂ ನಾಲ್ಕು ಮಾತು ಅವಳ ನಾಲಿಗೆಯ ತುದಿಯಲ್ಲಿದ್ದವು. ಆದರೆ ಅವನ ಕಂಕುಳಲ್ಲಿ, ಹಳೆಯ ಲುಂಗಿಯಲ್ಲಿ ಸುತ್ತಿದ ಕೂಸಿನಂಥದ್ದೇನೋ ಇತ್ತು. ಕೂಸು ಎತ್ತಿಕೊಂಡು ಬಂದವನನ್ನು ಬೈಯುವುದು ಹೇಗೆ?

ಅವನು ಲುಂಗಿ ಬಿಚ್ಚಿದ. ಒಳಗಿದ್ದದ್ದು ಬೋಳು ಮರದ ಹಲಗೆ. ಮೇಲೆ ಎರಡು ಕೊಂಬು, ನಡುವೆ ಒಂದಿಷ್ಟು ಗುಂಡಿ, ತೂತು.

"ಇದೇನ್ರೀ, ಸೊಂಟ ಇರೋ ಮಣೆ?"

"ಗಿಟಾರು ಕಣ್ರೀ, ಎಲೆಕ್ಟ್ರಿಕ್‌ದು. ಬಿಡಿಬಿಡಿ ಭಾಗ ಡಬ್ಬದಲ್ಲಿ ಬತ್ತವೆ, ನಾವೇ ಜೋಡಿಸ್ಕೋಬೇಕು. ಬಣ್ಣ ಒಂದು ನನ್ ಕೈಲಾಗಲ್ಲ."

ಅವನ ಹೆಸರು ವೇಣು. ಅಜ್ಜಂಪುರದಲ್ಲಿ ಮೋಟಾರ್ ವೈಂಡಿಂಗ್ ಅಂಗಡಿ. ದಿನವಿಡೀ ಸುಟ್ಟುಹೋದ ಬೋರ್‌ವೆಲ್ ಮೋಟಾರುಗಳಿಗೆ ತಂತಿ ಸುತ್ತುವವನಿಗೆ, ಮುಟ್ಟಿದರೆ ಶಾಕ್ ಹೊಡೆಯದೆ ಹಾಡುವ ತಂತಿಯೊಂದು ಬೇಕೆನಿಸಿದ್ದರಲ್ಲಿ ಆಶ್ಚರ್ಯವೇನಿಲ್ಲ.

"ಅಜ್ಜಂಪುರದಿಂದ ಇಲ್ಲೀಗಂಟ? ತರೀಕೆರೇಲಿ ಪೇಂಟ್ ಮಾಡೋರಿಲ್ವಾ?"

"ಅವ್ರು ನೋಡಿ ನಕ್ಬಿಟ್ರು."

"ನಾವು ನಗಲ್ಲ ಅಂತ ಯಾರು ಹೇಳಿದ್ದು?"

"ನೀವು ಬೈದ್ರಲ್ಲ. ಬೈಯೋರು ಕೆಲ್ಸ ನೀಟಾಗಿ ಮಾಡ್ತಾರೆ."

ಭೂಮಿಕಾ ನಗಬಾರದೆಂದುಕೊಂಡಳು. ಮುಖಕ್ಕೆ ಮಾಸ್ಕ್ ಇತ್ತು, ಬಚಾವಾದಳು.

"ಬಣ್ಣ ಯಾವ್ದು?"

ಅವನು ಜೇಬಿನಿಂದ ಗೇಣುದ್ದದ ತಾಮ್ರದ ತಂತಿ ತೆಗೆದು ಅವಳ ಅಂಗೈಯಲ್ಲಿಟ್ಟ. "ಇದು. ದೊಡ್ಡ ಗುಂಡಿ ಹಂಗೇ ಬಿಡಿ, ಅದ್ರೊಳಗೆ ಸಾಮಾನು ಕೂರಿಸ್ಬೇಕು. ಮಿಕ್ಕಿದ್ದೆಲ್ಲ ಕನ್ನಡಿ ಥರ ಇರ್ಬೇಕು."

ಈ ಕೊನೆಯ ಮಾತನ್ನು ಅವನು ಆಡದೇ ಇದ್ದಿದ್ದರೆ ಒಳ್ಳೆಯದಿತ್ತು.

---

ಗಿಡ್ಡಪ್ಪನ ಅಂಗಡಿಗೆ ಒಂದು ಕಾನೂನಿತ್ತು. ಒಂದೇ ಕೆಲಸ ಮೂರು ಸಲ ವಾಪಸ್ ಬಂದರೆ, ಮಾಡಿದವರು ಸ್ಪ್ರೇ ಗನ್ ಕೆಳಗಿಡಬೇಕು. ಆಮೇಲೆ ಒಂದು ವರ್ಷ ಬರೀ ಸ್ಯಾಂಡ್‌ಪೇಪರ್. ಹಿಂದೆ ಇಬ್ಬರು ಹೀಗೆ ಗನ್ ಇಟ್ಟು, ಮರುದಿನವೇ ಕೆಲಸವನ್ನೂ ಬಿಟ್ಟಿದ್ದರು.

ಭೂಮಿಕಾ ನಾಲ್ಕು ವರ್ಷ ಉಜ್ಜಿದ್ದಳು. ಬೆರಳ ತುದಿಯ ಗೆರೆಗಳೇ ಸವೆಯುವಷ್ಟು. ಅಪ್ಪ ಗಿಡ್ಡಪ್ಪನಿಗೆ ಉಬ್ಬಸ ಬಂದು, ಡಾಕ್ಟರು ಅವನನ್ನು ಬಣ್ಣದ ಹೊಗೆಯಿಂದ ದೂರವಿರಿಸಿದ ಮೇಲಷ್ಟೇ ಗನ್ ಅವಳ ಕೈಗೆ ಬಂದಿತ್ತು.

"ಮಗಳು ಅಂತ ಕಾನೂನು ಬದ್ಲಾಗಲ್ಲ ಕಣವ್ವ," ಎಂದಿದ್ದ ಅಪ್ಪ.

"ಬದಲಾಯ್ಸಿ ಅಂತ ನಾನು ಕೇಳೂ ಇಲ್ಲ," ಎಂದಿದ್ದಳು ಮಗಳು.

ಹತ್ತು ದಿನದಲ್ಲಿ ಗಿಟಾರ್ ಸಿದ್ಧವಾಯಿತು. ತಂತಿಯನ್ನು ಅದರ ಮೇಲಿಟ್ಟರೆ ತಂತಿ ಎಲ್ಲಿದೆಯೆಂದು ಹುಡುಕಬೇಕು, ಅಂಥ ತಾಮ್ರ!

ವೇಣು ಅದರ ಮೇಲೆ ಅಂಗೈ ಆಡಿಸಿದ. ಮತ್ತೊಮ್ಮೆ ಆಡಿಸಿದ. ಏನನ್ನೋ ನುಂಗಿಕೊಂಡವನ ದನಿಯಲ್ಲಿ, "ಭಾಳ ಚೆನ್ನಾಗೈತೆ," ಎಂದ.

ಅಷ್ಟೇನಾ? ಎಂದುಕೊಂಡಳು ಭೂಮಿಕಾ. ಇನ್ನೆಷ್ಟು ಬೇಕಿತ್ತೋ ಅವಳಿಗೂ ಗೊತ್ತಿರಲಿಲ್ಲ.

---

ಎರಡು ವಾರಕ್ಕೆ ಅವನು ವಾಪಸ್ ಬಂದ. ಕಂಕುಳಲ್ಲಿ ಅದೇ ಲುಂಗಿ.

"ಇಲ್ಲೊಂದು ಚುಕ್ಕೆ ಐತೆ, ನೋಡಿ."

ನಿಜ, ಇತ್ತು. ಗಿಡ್ಡಪ್ಪ ಎದ್ದು ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಒಂದು ಗೆರೆ ಎಳೆದ. ವೇಣುವಿಗೆ ಅದು ಏನೆಂದು ಗೊತ್ತಿಲ್ಲ. ಹೇಳಲು ಭೂಮಿಕಾಳನ್ನು ಸ್ವಾಭಿಮಾನ ಬಿಡಲಿಲ್ಲ.

"ಈ ನಾಬ್ ಯಾಕೆ ಸೊಟ್ಟಗೈತೆ?" ಎಂದು ಕೇಳಿದಳು. ಮೂರು ನಾಬುಗಳಲ್ಲಿ ಒಂದು ಸಾಲು ತಪ್ಪಿ ನಿಂತಿತ್ತು.

ವೇಣು ತಲೆಯೆತ್ತಿ ಸೂರಿನ ತಗಡಿನ ಶೀಟು ನೋಡಿದ. "ಡಬ್ಬ ಕಳ್ಸಿದೋರು ಹಂಗೇ ಕೊಟ್ಟವ್ರೆ."

ಚುಕ್ಕೆ ಸರಿಮಾಡಲು ಅರ್ಧ ಗಂಟೆ. ಅವನು ಕುಳಿತದ್ದು ಎರಡೂವರೆ ಗಂಟೆ. ಬೀರೂರಿನ ಮೇಲೆ ಅಜ್ಜಂಪುರಕ್ಕೆ ಹೋಗುವ ಬಸ್ಸುಗಳು ಒಂದರ ಹಿಂದೊಂದು ಅವನನ್ನು ಬಿಟ್ಟು ಹೋದವು.

ಎರಡನೇ ಸಲ ಬಂದಾಗ, "ಹಿಂದ್ಗಡೆ ಬಣ್ಣ ಮಂಕಾಗೈತೆ," ಎಂದ. ಗೋಡೆಗೆ ಎರಡನೇ ಗೆರೆ ಬಿತ್ತು. ಆ ದಿನ ಪುಟ್ಟ ಸ್ಪೀಕರ್ ತಂದಿದ್ದ, ಕಣ್ಣು ಮುಚ್ಚಿ, ಮುಖ ಕಿವುಚಿ ನುಡಿಸಿದ. ಬುತ್ತಿ ತಂದಿದ್ದ ಭೂಮಿಕಾಳ ಅಮ್ಮ ಹುಲಿಯಮ್ಮ ಸ್ವಲ್ಪ ಹೊತ್ತು ನೋಡಿ, "ಪಾಪ, ಹಲ್ಲುನೋವೇನಪ್ಪಾ?" ಎಂದಳು.

ಭೂಮಿಕಾ ನಕ್ಕಳು. ಆಮೇಲೆ ಗೋಡೆ ನೋಡಿದಳು, ನಗು ನಿಂತಿತು.

'ಇನ್ನೊಂದು ಸಲ ಬರಬೇಡ ಮಾರಾಯ...' ಎಂದಿತು ಮನಸ್ಸು. ಮರುಕ್ಷಣವೇ, 'ಬಾರದೇ ಇದ್ದುಬಿಡಬೇಡ...' ಎಂದೂ ಅಂದಿತು. ನಾಲ್ಕು ವರ್ಷ ಉಜ್ಜಿ ಗಳಿಸಿದ ಗನ್ ಹೋದರೂ ಅವನು ಬರಲಿ ಎನ್ನುವಷ್ಟು ಹುಚ್ಚು ಹಿಡಿದಿದೆಯೇ ತನಗೆ? ಅವಳಿಗೆ ತನ್ನ ಮೇಲೆಯೇ ಸಿಟ್ಟು ಬಂತು. ಅವನಿಗೋ, ಅವಳ ಕೆಲಸದಲ್ಲಿ ಬರೀ ತಪ್ಪೇ ಕಾಣುತ್ತಿದೆ!

---

ಮೂರನೇ ಸಲ ಅವನು ತಂದದ್ದು ಗೀರು. ಗಿಟಾರಿನ ಅಂಚಿನಲ್ಲಿ, ಹೆಬ್ಬೆರಳಗಲ.

ಗಿಡ್ಡಪ್ಪ ಎದ್ದು ಮೂರನೇ ಗೆರೆ ಎಳೆದ. ಮಗಳ ಮುಖ ನೋಡದೆ ಹೇಳಿದ:

"ಗನ್ ಕೆಳಗಿಡವ್ವ."

ಭೂಮಿಕಾ ಇಟ್ಟಳು.

"ಯಾಕೆ?" ವೇಣು ಇಬ್ಬರನ್ನೂ ನೋಡಿದ. "ಯಾಕ್ ಸಾರ್?"

ಗಿಡ್ಡಪ್ಪ ಕಾನೂನು ಹೇಳಿದ. ಕೇಳುತ್ತಾ ಕೇಳುತ್ತಾ ವೇಣುವಿನ ಮುಖ ಪ್ರೈಮರ್ ಹೊಡೆದ ಬಾಗಿಲಿನಂತೆ ಬಿಳಿಚಿತು.

ಅಷ್ಟರಲ್ಲಿ ಭೂಮಿಕಾ ಗಿಟಾರನ್ನು ಬೆಳಕಿಗೆ ಹಿಡಿದಿದ್ದಳು. ಕಣ್ಣಲ್ಲಿ ನೀರಿತ್ತು, ಆದರೆ ನಾಲ್ಕು ವರ್ಷ ಉಜ್ಜಿದ ಕಣ್ಣು ಅದು.

"ಇದು ತಾಗಿ ಆಗಿರೋ ಗೀರಲ್ಲ."

ಅವಳು ಗೀರಿನ ಮೇಲೆ ಬೆರಳಾಡಿಸಿದಳು.

"ನಾನೂರನೇ ನಂಬರ್ ಸ್ಯಾಂಡ್‌ಪೇಪರು. ಅದೂ ಕೈ ನಡುಗ್ತಾ ಉಜ್ಜಿರೋದು... ನೀವೇ ಮಾಡಿದ್ದಾ?"

"...ಹೂಂ."

"ಚುಕ್ಕೆ?"

"ಬೆಸುಗೆ ಹಾಕೋ ಸೋಲ್ಡರ್ ಒಂದು ಹನಿ ಬೀಳಿಸ್ದೆ."

"ಮಂಕಾಗಿದ್ದು?"

"ಥಿನ್ನರ್ ಬಟ್ಟೇಲಿ ಒರೆಸ್ದೆ."

"ನಾಲ್ಕು ವರ್ಷ ಉಜ್ಜಿದೀನ್ರೀ ನಾನು! ನಿಮ್ಗೆ ಆಟನಾ ಇದು?"

ವೇಣು ಗಿಡ್ಡಪ್ಪನ ಮುಂದೆ ಹೋಗಿ ನಿಂತ.

"ಸಾರ್, ಇವ್ರದ್ದೇನೂ ತಪ್ಪಿಲ್ಲ. ಇವ್ರನ್ನ ನೋಡೋಕೆ ಬರ್ಬೇಕಿತ್ತು, ನೆಪ ಇರ್ಲಿಲ್ಲ. ಗನ್ನಿನ ವಿಷ್ಯ ದೇವ್ರಾಣೆ ಗೊತ್ತಿರ್ಲಿಲ್ಲ. ಬೈಯಿರಿ, ಹೊಡೀರಿ... ಆ ಗೆರೆ ಅಳಿಸ್ಬಿಡಿ."

ಹೆಣ್ಣಿನ ತಂದೆಯೊಬ್ಬ ಇಂಥ ಮಾತಿಗೆ ಏನು ಹೇಳಬೇಕೋ ಅದನ್ನು ಗಿಡ್ಡಪ್ಪ ಹೇಳಲಿಲ್ಲ. ಅವನು ಮೊದಲು ಪೇಂಟರು, ಆಮೇಲೆ ತಂದೆ.

"ಅಂದ್ರೆ ನಿಜವಾಗ್ಲೂ ಒಂದ್ ತಪ್ಪೂ ಸಿಗ್ಲಿಲ್ವೇನಯ್ಯಾ ನಿಂಗೆ?"

"ಇಲ್ಲ ಸಾರ್," ಎಂದ ವೇಣು. ಎಂದವನು ಮತ್ತೆ ಸೂರಿನ ಶೀಟು ನೋಡಿದ.

ಆ ನೋಟ ಭೂಮಿಕಾಗೆ ಗೊತ್ತಿತ್ತು. ಅವಳು ಥಟ್ಟನೆ ಸೊಟ್ಟ ನಾಬ್ ನೋಡಿದಳು. ಅದರ ಬುಡದಲ್ಲಿ ಬಣ್ಣ ಚೂರು ಎದ್ದಿತ್ತು, ಬಣ್ಣ ಒಣಗಿದ ಮೇಲೆ ಯಾರೋ ಡ್ರಿಲ್ ಹಾಕಿದಂತೆ. ಸ್ಕ್ರೂಗಳ ಸುತ್ತಲೂ ಹಾಗೆಯೇ.

ಗಿಡ್ಡಪ್ಪನ ಅಂಗಡಿಯಲ್ಲಿ ತೂತು ಕಂಡರೆ ಅದನ್ನು ಮುಚ್ಚಲು ಕೈ ತಾನಾಗಿಯೇ ಪುಟ್ಟಿ ಡಬ್ಬಕ್ಕೆ ಹೋಗುತ್ತದೆ. ಕಾರಿನ ಬಾಗಿಲಿಗಾದರೂ ಅಷ್ಟೇ, ಬೈಕಿನ ಟ್ಯಾಂಕಿಗಾದರೂ ಅಷ್ಟೇ. ದೊಡ್ಡ ಗುಂಡಿ ಬಿಟ್ಟು ಮಿಕ್ಕಿದ್ದೆಲ್ಲ ಕನ್ನಡಿ ಥರ...

"ಅಯ್ಯೋ... ಅವು ಬೇಕಾಗಿದ್ದ ತೂತುಗಳಾ?"

"ಹದಿಮೂರು," ಎಂದ ವೇಣು ಮೆಲ್ಲಗೆ. "ಎಲ್ಲಿದ್ವು ಅಂತ ಗೊತ್ತೇ ಆಗ್ದಂಗೆ ಮುಚ್ಚಿದ್ರಿ. ಆರು ದಿನ ಅಳತೆ ಹಾಕಿ ಮತ್ತೆ ಕೊರೆದೆ. ಒಂದು ಮಾತ್ರ ಪಕ್ಕಕ್ಕೆ ಹೋಯ್ತು."

"ಯಾಕ್ ಹೇಳ್ಲಿಲ್ಲ?"

"ನೀವು ನೊಂದ್ಕೋತೀರ ಅಂತ."

"ಇಲ್ದಿರೋ ತಪ್ಪು ಹೇಳ್ಕೊಂಡು ಬಂದ್ರೆ ನೋಯಲ್ವಾ?"

"ಅವೆಲ್ಲ ನಂದೇ ತಪ್ಪಲ್ವಾ..." ಎಂದ. "ನಿಮ್ದು ಹೇಳೋಕೆ ಮನಸ್ಸಾಗ್ಲಿಲ್ಲ."

ಗಿಡ್ಡಪ್ಪ ಉಬ್ಬಸ ಬರುವವರೆಗೆ ನಕ್ಕ. ಹೆಗಲ ಮೇಲಿನ ಟವೆಲಿನಿಂದ ಮೂರು ಗೆರೆಯನ್ನೂ ಒರೆಸಿ, ಹೊಸದಾಗಿ ಒಂದು ಎಳೆದ. "ಇದು ಪುಟ್ಟೀದು. ನ್ಯಾಯವಾದ್ದು. ಗನ್ ತಗೋಳವ್ವ." ಬಾಗಿಲ ಬಳಿ ನಿಂತು ತಿರುಗಿದ. "ತರೀಕೆರೆ ಹತ್ರ ಇತ್ತಲ್ಲಯ್ಯಾ ನಿಂಗೆ!" ಎಂದು ಟೀ ಕುಡಿಯಲು ಹೋದ. ಅವನು ಟೀಗೆ ಅಷ್ಟು ಹೊತ್ತು ತೆಗೆದುಕೊಂಡದ್ದನ್ನು ಬಿ.ಎಚ್. ರಸ್ತೆ ಅದುವರೆಗೆ ಕಂಡಿರಲಿಲ್ಲ.

ಭೂಮಿಕಾ ಗೀರು ಉಜ್ಜಿದಳು, ಬಣ್ಣ ಹೊಡೆದಳು, ಮೇಲೊಂದು ಕೋಟ್ ಹೊಳಪಿನ ಲ್ಯಾಕರ್. ವೇಣು ಎರಡೂ ಕೈ ಬೆನ್ನ ಹಿಂದೆ ಕಟ್ಟಿ ನಿಂತಿದ್ದ.

ಅವಳು ಮಾಸ್ಕ್ ತೆಗೆದಳು.

"ಮುಟ್ಟಿ."

"ಒಣಗಿಲ್ಲ..."

"ಗೊತ್ತು. ಮುಟ್ಟಿ."

ಅವನು ಸೊಟ್ಟ ನಾಬಿನ ಪಕ್ಕ ತೋರುಬೆರಳು ಒತ್ತಿದ. ಅದಕ್ಕೆ ತಾಗಿದಂತೆ ಅವಳು ತನ್ನದನ್ನೂ ಒತ್ತಿದಳು. ಅವನದು ಗೆರೆಗೆರೆಯಾಗಿ ಮೂಡಿತು, ಅವಳದು ನುಣ್ಣಗೆ.

"ಗುರುತು ಬಿದ್ಬಿಡ್ತಲ್ಲ..."

"ಬೀಳ್ಲಿ. ಇದನ್ನ ಸರಿ ಮಾಡ್ಕೊಡಿ ಅಂತ ಮಾತ್ರ ವಾಪಸ್ ತರ್ಬೇಡಿ."

"ಮತ್ತೆ... ಮುಂದಿನ್ ಸಲ ಏನಂತ ಬರ್ಲಿ?"

ಭೂಮಿಕಾ ಗನ್ ಎತ್ತಿಕೊಂಡಳು. ಕೈಗೆ ಕೆಲಸವಿದ್ದರೆ ಇಂಥ ಮಾತು ಆಡುವುದು ಸುಲಭ.

"ವೇಣು ಅಂತ ಬನ್ನಿ."